ಅತ್ತೆಮಗ ಹೊಗೆಗೂಡು ಬೀಳಿಸಿದ್ದು

ಅತ್ತೆಮಗ ಚಿನ್ನಸಾಮಿಗೆ ನನ್ನನ್ನು ಕೊಡುವುದಿಲ್ಲ ಎಂದು ಅಪ್ಪ ಹಟ ಹಿಡಿದು ಕೂತಿದ್ದರು. ಹುಡುಗ ಕೆಟ್ಟವನಲ್ಲ, ಕುಡಿಯುವವನಲ್ಲ, ಅಪ್ಪನ ಸ್ವಂತ ತಂಗಿ ತುಳಸಮ್ಮನ ಮಗ. ಆದರೆ ಕೆಲಸ? ಪಲ್ಲಡಂ ಸುತ್ತಿನ ಬಾವಿಗಳಿಗೆ ಇಳಿದು, ಬಂಡೆಗೆ ಸಿಡಿಮದ್ದು ತುಂಬಿ ಒಡೆಯುವುದು. "ಇವತ್ತು ಇದ್ದ, ನಾಳೆ ಇಲ್ಲ ಅನ್ನೋ ಜೀವ ಅದು. ಎಷ್ಟು ದಿನ ಮುತ್ತೈದೆಯಾಗಿ ಇರ್ತೀಯೆ, ಭಾಮಾ?" ಎನ್ನುವರು. ನನಗೋ ಅವನೇ ಬೇಕಿತ್ತು. ಬೇರೆ ಯಾರನ್ನು ತೋರಿಸಿದರೂ ಮೂಗು ಮುರಿಯುತ್ತಿದ್ದೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಸೂಲೂರಿನ ಹತ್ತಿರದ ಒಂದು ಹಳೇ ಮಿಲ್ಲಿಗೆ ಕರೆಂಟು ಬಂದು, ಉಗಿಯ ಇಂಜಿನ್ನು ಮೂಲೆ ಸೇರಿತು. ಬಿರುಕು ಬಿಟ್ಟ ಹೊಗೆಗೂಡನ್ನು ಬೀಳಿಸಲು ಮಿಲ್ಲಿನವರು ಚಿನ್ನಸಾಮಿಯನ್ನೇ ಕರೆದರು. ಅತ್ತೆ ಕುಣಿದಾಡಿಬಿಟ್ಟಳು. "ಅಣ್ಣಾ, ಒಂದ್ಸಲ ಬಂದು ನೋಡು. ನನ್ನ ಮಗ ಎಷ್ಟು ಜಾಗ್ರತೆ ಅಂತ ನಿಂಗೇ ತಿಳಿಯುತ್ತೆ" ಎಂದು ಅಪ್ಪನನ್ನು ಹೊರಡಿಸಿದಳು. ಯಾರೂ ಕರೆಯದಿದ್ದರೂ ನಾನೂ ಗಾಡಿ ಹತ್ತಿದೆ.

ಮಿಲ್ಲಿನ ಹತ್ತಿರ ಊರಿಗೆ ಊರೇ ನೆರೆದಿತ್ತು. ಕಡಲೆಕಾಯಿ ಮಾರುವವರಿಗಂತೂ ಹಬ್ಬ. ಚಿನ್ನಸಾಮಿ ಗೂಡಿನ ಬುಡದಲ್ಲಿ ಎದೆಯುದ್ದ ಗುಂಡಿ ತೋಡಿಸಿ, ಇಟ್ಟಿಗೆಗೆ ತೂತು ಕೊರೆದು ಮದ್ದು ತುಂಬಿದ್ದ. ಗೂಡು ಖಾಲಿ ಅಂಗಳದ ಕಡೆಗೇ ಬೀಳಬೇಕು. ನನ್ನತ್ತ ಒಂದು ನಗೆ ಬೀರಿ ಗುಂಡಿಗಿಳಿದ, ಬತ್ತಿಗೆ ಬೆಂಕಿ ಮುಟ್ಟಿಸಿದ. "ವೇಟ್ಟು! ವೇಟ್ಟು!" ಎಂದು, ಮದ್ದು ಸಿಡಿಯುತ್ತದೆಂದು ಎಚ್ಚರಿಸುತ್ತ ಆಳುಗಳು ದೂರ ಓಡಿದರು.

ಅವನು ಮಾತ್ರ ಬರಲಿಲ್ಲ.

ಗುಂಡಿಯಲ್ಲಿ ಎರಡೂ ಕೈ ಮೇಲೆತ್ತಿ ನಿಂತಿದ್ದ. "ಎಳೀರೋ! ಹಗ್ಗ ಎಳೀರೋ!" ಬಾವಿಯಲ್ಲಾದರೆ ಬತ್ತಿ ಹಚ್ಚಿದ ಕೂಡಲೇ ಮೇಲಿನವರು ಅವನನ್ನು ಹಗ್ಗದಲ್ಲಿ ಎಳೆದುಕೊಳ್ಳುತ್ತಿದ್ದರು. ಅದೇ ಅಭ್ಯಾಸ! ಇಲ್ಲಿ ಹಗ್ಗವೂ ಇಲ್ಲ, ಎಳೆಯುವವರೂ ಇಲ್ಲ. ಪುಣ್ಯಾತ್ಮ ಆಕಾಶ ನೋಡುತ್ತ ಕಾಯುತ್ತಿದ್ದ.

ನಾನು ಸೀರೆ ಎತ್ತಿ ಕಟ್ಟಿ ಓಡಿದೆ. "ಮಾಮಾ, ಇದು ಬಾವಿ ಅಲ್ಲ! ಹತ್ತು ಮೇಲೆ!" ಎಂದು ಕಿರುಚುತ್ತ ಅವನ ಕೈ ಹಿಡಿದು ಎಳೆದೆ. ಆಗ ಎಚ್ಚರವಾಯಿತು ನೋಡಿ, ಒಂದೇ ನೆಗೆತಕ್ಕೆ ಮೇಲೆ ಬಂದವನು ನನ್ನನ್ನೇ ದರದರ ಎಳೆದುಕೊಂಡು ಓಡಿದ. ಇಬ್ಬರೂ ಹತ್ತಿಯ ಮೂಟೆಗಳ ಹಿಂದೆ ಹೋಗಿ ಬಿದ್ದೆವು. ಢಂ! ನೆಲ ನಡುಗಿತು. ಹೊಗೆಗೂಡು ಒಂದು ಗಳಿಗೆ ಯೋಚಿಸುತ್ತ ನಿಂತು, ಊಟ ಮುಗಿಸಿದ ಯಜಮಾನನ ಹಾಗೆ ಅಂಗಳದಲ್ಲಿ ಉದ್ದಕ್ಕೆ ಮಲಗಿತು. ಜನ ಹೋ ಎಂದರು. ಆ ಕೆಂಪು ಧೂಳಿನಲ್ಲಿ ನಾನು ನಗುತ್ತಿದ್ದೆ, ಅವನೂ ನಗುತ್ತಿದ್ದ. ಯಾಕೆಂದು ಇಬ್ಬರಿಗೂ ಗೊತ್ತಿಲ್ಲ. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಅಪ್ಪ ಓಡಿ ಬಂದರು. ಮೊದಲು ನನ್ನ ತಲೆ, ಕೈಕಾಲು ಮುಟ್ಟಿ ನೋಡಿದರು. ಆಮೇಲೆ ಚಿನ್ನಸಾಮಿಯನ್ನು ಮೇಲಿಂದ ಕೆಳಗೆ ದಿಟ್ಟಿಸಿದರು. ಮಗನ ಜಾಗ್ರತೆ ಹೊಗಳಿದ್ದ ಅತ್ತೆ ಕಣ್ಣು ಮುಚ್ಚಿಕೊಂಡಳು.

"ತುಳಸೀ," ಎಂದರು ಅಪ್ಪ, ಏದುಸಿರು ಬಿಡುತ್ತ. "ಇವನನ್ನ ಒಬ್ಬನೇ ಬಿಟ್ಟರೆ ಇನ್ನೊಂದು ಬಾವಿ ಕಾಣಲ್ಲ ಇವನು. ಸೀಕ್ರಂ, ಬೇಗ ಭಾಮನ್ನ ಕೊಟ್ಟು ಮದುವೆ ಮಾಡಿಬಿಡೋಣ."