ಅತ್ತೆ ಕಂಡ ಬಣ್ಣದ ಬಳೆ

ನಮ್ಮ ಮನೆಯವರು ಹುಲುಗೇಶ, ಸಿರುಗುಪ್ಪದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಕುರುಗೋಡಿನ ಮನೆಗೆ ಬಂದರೂ ಪಾಠ ನಿಲ್ಲುವುದಿಲ್ಲ. ನೀರಿನ ಬಕೆಟ್ಟಿಗೆ ಚಮಚ ಬಿದ್ದರೆ, ಎತ್ತಿಕೊಡುವ ಮೊದಲು ಅದು ಯಾಕೆ ಮೇಲೆ ಇದ್ದಂತೆ ಕಾಣುತ್ತದೆಂದು ಬೆಳಕಿನ ವಕ್ರೀಭವನದ ಪಾಠ ಹೇಳುತ್ತಾರೆ. ನನಗಂತೂ ಮೈಯೆಲ್ಲ ಉರಿಯುತ್ತದೆ.

ಕಳೆದ ಶ್ರಾವಣದಲ್ಲಿ ಒಂದು ಸಂಜೆ ನಮ್ಮತ್ತೆ ವಿರೂಪಮ್ಮ ಬಸವೇಶ್ವರನ ಗುಡಿಯಿಂದ ಹಿಗ್ಗುತ್ತಾ ಬಂದರು.

“ರಾಧಾ, ದೀಪದ ಸುತ್ತ ಬಣ್ಣದ ಬಳಿ ಕಂಡ್ತವ್ವಾ! ಒಳಗ ನೀಲಿ, ಹೊರಗ ಕೆಂಪು. ಬಸವಣ್ಣ ನನಗ ಪ್ರಭಾವಳಿ ತೋರಿಸ್ಯಾನ!”

ಮಾತು ಓಣಿಗೆಲ್ಲ ಹಬ್ಬಿತು. ಹೆಂಗಸರು ಬಂದು ಅತ್ತೆಯ ಕಾಲು ಮುಟ್ಟತೊಡಗಿದರು. ಪಕ್ಕದ ಮನೆಯ ಗಂಗಕ್ಕ ಮೊಮ್ಮಗಳ ಮದುವೆ ಯಾವಾಗ ಕೂಡುತ್ತದೆಂದು ಕೇಳಿಯೂ ಬಿಟ್ಟಳು. ಅತ್ತೆಗೆ ಮಾತ್ರ ಸಂಜೆಯಾದರೆ ತಲೆ ಸಿಡಿಯುತ್ತಿತ್ತು, ಎಡಗಣ್ಣು ಕೆಂಪಾಗುತ್ತಿತ್ತು. ಉಪವಾಸದ ಪಿತ್ತವೆಂದು ಶುಂಠಿ ಕಷಾಯ ಕೊಟ್ಟೆವು.

ತಾಯಿಯನ್ನು ಜನ ದೇವರು ಮಾಡುವುದು ಇವರಿಗೆ ಸಹಿಸಲಾಗಲಿಲ್ಲ. ಓಣಿಯವರನ್ನು ಅಂಗಳಕ್ಕೆ ಕರೆದು, ತಮ್ಮ ಕನ್ನಡಕದ ಗಾಜಿಗೆ ಉಸಿರು ಊದಿ, ಅದರ ಮೂಲಕ ಬಲ್ಬು ತೋರಿಸಿದರು.

“ಅಯ್ಯ, ನಮಗೂ ಬಳಿ ಕಂಡ್ತು!”

“ಇದು ದೇವರಲ್ರಿ, ವಿವರ್ತನೆ. ಬೆಳಕು ನೀರಿನ ಅಲಿ ಇದ್ದಂಗ. ಸಣ್ಣ ಹನಿ ಅಡ್ಡ ಬಂದ್ರ ಅದರ ಅಂಚಿನ್ಯಾಗ ಬಾಗಿ ಹರಡತೈತಿ. ಅಲಿ ಅಲಿ ಕೂಡಿದಲ್ಲೆ ಬಣ್ಣ ಬ್ಯಾರೆ ಬ್ಯಾರೆ ಆಗ್ತಾವ.”

ಗಂಗಕ್ಕ ಬಿಡಲಿಲ್ಲ. “ಆತಪ್ಪಾ. ಗುಡ್ಯಾಗ ನಿಮ್ಮವ್ವನ ಕೈಯಾಗ ಗಾಜು ಇರಲಿಲ್ಲಲ್ಲ? ಹನಿ ಎಲ್ಲಿದ್ವು? ಬಾಜೂಕ ನಿಂತ ನನಗ್ಯಾಕ ಕಾಣಲಿಲ್ಲ?”

“ಗುಡ್ಯಾಗ ಆವಿ, ಹೊಗಿ ಇರ್ತಾವ. ನೀವು ನಿಂತ ಜಾಗ ಬ್ಯಾರೆ, ಬಿಡ್ರಿ ಗಂಗಕ್ಕ,” ಎಂದು ಇವರು ನಕ್ಕರು. ಎಲ್ಲರೂ ನಕ್ಕರು. ಅತ್ತೆಯ ಮುಖ ಸಣ್ಣದಾಯಿತು. ಮತ್ತೆ ಅವರು ಬಳೆಯ ಮಾತು ಎತ್ತಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಅತ್ತೆ ವಾಂತಿ ಮಾಡಿಕೊಂಡು, ಎಡಗಣ್ಣು ಒತ್ತಿ ಹಿಡಿದು ಕುಸಿದರು. ಬಳ್ಳಾರಿಗೆ ಓಡಿದೆವು.

“ಕಣ್ಣಿನ ಒತ್ತಡ ವಿಪರೀತ ಏರಿದೆ, ಗ್ಲಾಕೋಮಾ,” ಎಂದರು ಡಾಕ್ಟರಮ್ಮ. “ಮೊದಲು ದೀಪದ ಸುತ್ತ ಬಣ್ಣ ಕಾಣ್ತಿತ್ತಾ?”

ಅತ್ತೆ ಹೇಳಲೋ ಬೇಡವೋ ಎಂದು ಮಗನ ಕಡೆಗೆ ತಿರುಗಿದರು.

“ಕಾಣ್ತಿತ್ತ್ರಿ ಮೇಡಂ,” ಎಂದರು ಇವರು.

“ಒತ್ತಡ ಏರಿದಾಗ ಕಣ್ಣಿನ ಮುಂದಿನ ಪೊರೆಯಲ್ಲಿ ಸಣ್ಣ ಸಣ್ಣ ಹನಿಯಾಗಿ ನೀರು ಸೇರುತ್ತೆ. ಆ ಹನಿಗಳಿಂದಲೇ ಬೆಳಕು ಹರಡಿ ಬಣ್ಣ ಕಾಣೋದು. ಆಗಲೇ ಕರ್ಕೊಂಡು ಬಂದಿದ್ರೆ ಎಡಗಣ್ಣು ಉಳೀತಿತ್ತು.”

ಬಲಗಣ್ಣಿಗೂ ಹಾಗಾಗದಂತೆ ಲೇಸರ್ ಮಾಡಿ ಅದನ್ನು ಉಳಿಸಿಕೊಟ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಇವರಿಗೆ ಅಂದೇಬಿಟ್ಟೆ: “ಹನಿ ಅಂತ ಸರಿಯಾಗೇ ಹೇಳಿದ್ರಿ. ಅವು ಎಲ್ಲಿ ಅದಾವ ಅಂತ ಗಂಗಕ್ಕ ಕೇಳಿದ್ರ ನಕ್ಕುಬಿಟ್ರಿ.”

ಇವರು ಕರವಸ್ತ್ರ ಬಾಯಿಗಿಟ್ಟುಕೊಂಡು ಅತ್ತರು. ಬೈದೆನಲ್ಲ ಎಂದು ನನಗೂ ಸಂಕಟವಾಯಿತು.

ಕುರುಗೋಡಿನ ಬಸ್ಸಿನಲ್ಲಿ ಅತ್ತೆಯ ಬಲಕ್ಕೆ ನಾನು, ಎಡಕ್ಕೆ ಇವರು ಕುಳಿತೆವು. ಊರು ದಾಟಿದ ಮೇಲೆ ಅತ್ತೆ ಕೈಯಾಡಿಸಿದರು.

“ಹುಲುಗ್ಯಾ, ಎಲ್ಲಿ ಕುಂತೀಯೋ?”

“ಇಲ್ಲೇ ನಿನ್ನ ಬಾಜೂಕ ಅದೀನವ್ವಾ.”

“ಈ ಕಡಿಗಿ ಬಾರಪ್ಪಾ. ಅಲ್ಲಿ ಕುಂತ್ರ ನೀ ನನಗ ಕಾಣಂಗಿಲ್ಲ.”