ನೀಲಿ ಚುಕ್ಕೆಯ ಬಟ್ಟಲು

ರೈಲು ಹಳಿಯ ಪಕ್ಕ ಬೆನ್ನು ಬಗ್ಗಿಸಿ ಜಲ್ಲಿ ಕೆದಕುವ ಮುದುಕನನ್ನು ಕಂಡು ಜನ ಬಾಯಿಗೆ ಬಂದಂತೆ ಆಡಿಕೊಂಡರು. ಆಡಿಕೊಳ್ಳಲಿ. ಮಗ ಸತ್ತದ್ದು ಅವರ ಮನೆಯಲ್ಲಲ್ಲವಲ್ಲ.

ಅಪ್ಪನೂ ಲೈನ್‌ಮನ್, ಮಗನೂ ಲೈನ್‌ಮನ್. ಕಂಬದ ಮೇಲೆ ತಂತಿ ಹೊತ್ತು ನಿಲ್ಲುವ ಪಿಂಗಾಣಿ ಇನ್ಸುಲೇಟರಿಗೆ ಅವರ ಬಾಯಲ್ಲಿ ಬಟ್ಟಲು ಎಂದೇ ಹೆಸರು. ಮಗ ಆ ಹಳಿ ಪಕ್ಕದ ಕಂಬ ಹತ್ತಿದ್ದಾಗ ಬಟ್ಟಲು ಒಡೆದು ತಂತಿ ಮೈಮೇಲೆ ಬಿತ್ತು. ಸ್ಪ್ಯಾನರ್ ತಾಗಿಸಿ ಅವನೇ ಒಡೆದುಕೊಂಡ ಎಂದು ಕಚೇರಿಯವರು ಕೈತೊಳೆದುಕೊಂಡರು.

ಮುದುಕನಿಗೆ ಬೇಕಿದ್ದದ್ದು ಆ ಬಟ್ಟಲಿನ ಚೂರು. ಹೊಸದಾಗಿ ಒಡೆದ ಅಂಚು ಬಿಳಿ. ಹಳೆಯ ಬಿರುಕಾದರೆ ಮಸಿ ಕುಡಿದು ಕಪ್ಪಾಗಿರುತ್ತದೆ. ಸಿಕ್ಕಿದ್ದೆಲ್ಲ ಬೇರೆಯವೇ: ಟೆಲಿಗ್ರಾಫ್ ಕಾಲದ ಹಸಿರು ಗಾಜು, ಯಾವುದೋ ಬಿಳಿ ಪಿಂಗಾಣಿ. ಕೊನೆಗೆ ಆ ಕಂಬದ ಬುಡದ ಮುಳ್ಳುಪೊದೆಯಲ್ಲಿ ಕಂದು ಹೊಳಪಿನ, ಎರಡು ಸುತ್ತು ಅಂಚಿನ ಅರ್ಧ ಬಟ್ಟಲು ಕಂಡಿತು. ಮೇಲಿದ್ದದ್ದು ಇದೇ ಜಾತಿಯದು. ಒಡೆದ ಅಂಚು ಕಪ್ಪು.

“ನನ್ನ ಮಗನ ತಪ್ಪಲ್ಲ!” ಎಂದು ಒಬ್ಬನೇ ಕೂಗಿಕೊಂಡ. ಮನೆಗೆ ಬಂದವನೇ ಹಿತ್ತಿಲ ತೊಟ್ಟಿಯಲ್ಲಿ ಉಜ್ಜಿ ತೊಳೆದ. ಒಳಸುತ್ತಿನ ಕೆಸರು ಬಿಟ್ಟಾಗ ನೀಲಿ ಚುಕ್ಕೆ ಕಾಣಿಸಿತು.

ಗೋದಾಮಿನಲ್ಲಿ ಬಟ್ಟಲನ್ನು ಬಡಿದು ನೋಡಿ, ನಾದ ಸರಿಯಿದ್ದರೆ ಒಳಗೆ ಬಣ್ಣದ ಚುಕ್ಕೆ ಇಡುವುದು ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನೀಲಿ ಮುದುಕನದು. ಬಣ್ಣ ಬಿರುಕಿನೊಳಕ್ಕೂ ಇಳಿದಿತ್ತು. ಅಂದರೆ ಚುಕ್ಕೆ ಇಟ್ಟ ದಿನವೇ ಬಿರುಕಿತ್ತು.

ನೌಕರಿಯ ಕೊನೆಯ ವರ್ಷ ಕಿವಿ ಕೈಕೊಟ್ಟಿತ್ತು. ಕರೆದರೆ ತಿರುಗದ ಗಂಡನನ್ನು ಹೆಂಡತಿ ಜಾಣ ಕಿವುಡು ಎಂದು ರೇಗಿಸುತ್ತಿದ್ದಳು, ಇವನು ನಕ್ಕು ತೇಲಿಸುತ್ತಿದ್ದ. ಗೋದಾಮಿನಲ್ಲೂ ಕಿವಿಯ ವಿಷಯ ಯಾರಿಗೂ ಹೇಳದೆ ಬಡಿದು, ಅಂದಾಜಿನ ಮೇಲೆ ಚುಕ್ಕೆ ಇಡುತ್ತ ಹೋದ. ಮಗನೋ, “ಅಪ್ಪನ ಚುಕ್ಕೆ ಇದ್ಮೇಲೆ ಮತ್ತೆ ಬಡಿದು ನೋಡೋದೇನಿದೆ?” ಎಂದು ಹತ್ತಿಬಿಡುವವನು. ಆ ಚುಕ್ಕೆಯ ಬಟ್ಟಲುಗಳು ಇನ್ನೆಷ್ಟೋ ಕಂಬಗಳ ಮೇಲಿವೆ. ಆ ತಂತಿ ನನ್ನ ಮೇಲೆ ಬೀಳಬಾರದಿತ್ತೇ ಎಂದುಕೊಂಡ ಮುದುಕ.

“ಸಿಕ್ತಾ ಮಾವ?” ಸೊಸೆ ಬೆನ್ನ ಹಿಂದಿನಿಂದ ಕೇಳಿದಳು. ಅವನು ತಿರುಗಲಿಲ್ಲ. ಅವಳು ಎದುರು ಬಂದು ದನಿಯೇರಿಸಿದಳು. “ನಮ್ಮನೆಯವರ ತಪ್ಪಲ್ಲ ತಾನೆ?”

“ಅಲ್ಲಮ್ಮ. ಅಲ್ವೇ ಅಲ್ಲ.”

ಅವಳು ಕಣ್ಣೊರೆಸಿಕೊಂಡು ನಕ್ಕೇಬಿಟ್ಟಳು, ಗಂಡ ಸತ್ತ ಮೇಲೆ ಮೊದಲ ಸಲ. “ನಂಗೆ ಗೊತ್ತಿತ್ತು! ನಾಳೇನೇ ಇದನ್ನ ಕಚೇರಿಗೆ ತಗೊಂಡು ಹೋಗಿ ಅವರ ಮುಖಕ್ಕೆ ಹಿಡಿಯೋಣ. ಮತ್ತೆ ತಪ್ಪು ಯಾರದು ಮಾವ?”

ಮುದುಕ ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು, ಕೇಳಿಸಲಿಲ್ಲ ಎಂಬಂತೆ ತಲೆಯಾಡಿಸಿದ. ಅವನು ಬದುಕಿನಲ್ಲಿ ನಿಜವಾಗಿ ಜಾಣ ಕಿವುಡಾದದ್ದು ಅದೇ ಮೊದಲು.

ಪಾಪ, ಅವಳು ಇನ್ನೂ ಹತ್ತಿರ ಬಂದು, ಇನ್ನೂ ಗಟ್ಟಿಯಾಗಿ ಕೇಳಿದಳು.