ಜಗನ್ನಾಥರ ಪ್ರೇಕ್ಷಕ

ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದ ಮೇಲೆ ತಪ್ಪು ಹುಡುಕಲು ಜಗನ್ನಾಥರಿಗೆ ಕಡತಗಳು ಸಿಗಲಿಲ್ಲ. ಹಾಗಾಗಿ ಸಿನಿಮಾಗಳನ್ನು ಹಿಡಿದುಕೊಂಡರು. ರಾಜಧಾನಿಯ ದ್ವಾರಕಾ ಬಡಾವಣೆಯ ಫ್ಲ್ಯಾಟಿನ ಸೋಫಾದಲ್ಲಿ ಕಾಲು ಚಾಚಿ, ಕಡಲೆಕಾಯಿ ಮೆಲ್ಲುತ್ತ ಅರ್ಧ ಸಿನಿಮಾ ನೋಡುವುದು, ಇಡೀ ಸಿನಿಮಾಕ್ಕೆ ವಿಮರ್ಶೆ ಬರೆದು ಆನ್‌ಲೈನಿನಲ್ಲಿ ಹಾಕುವುದು. ‘ನನಗೆ ಬೇಸರವಾಯಿತು’ ಎಂದು ಬರೆಯುವ ಧೈರ್ಯ ಆ ಮನುಷ್ಯನಿಗೆ ಒಂದು ದಿನವೂ ಬರಲಿಲ್ಲ. ‘ಪ್ರೇಕ್ಷಕ ಆಕಳಿಸುತ್ತಾನೆ’, ‘ಪ್ರೇಕ್ಷಕನ ತಾಳ್ಮೆ ಕೆಡುತ್ತದೆ’. ಯಾವ ಪ್ರೇಕ್ಷಕ? ಬನಿಯನ್ ಹಾಕಿಕೊಂಡು ಕೂತವರು ಇವರೊಬ್ಬರೇ! ಹೊಗಳಲೇಬೇಕಾಗಿ ಬಂದರೆ ‘ಪರವಾಗಿಲ್ಲ, ಒಮ್ಮೆ ನೋಡಬಹುದು’. ಅದೂ ಹಲ್ಲು ಕೀಳಿಸಿಕೊಂಡವರ ಹಾಗೆ. ಹೆಂಡತಿ ಜಲಜಾ ಓದಿ ಮನಸ್ಸಿನಲ್ಲೇ ಛೀ ಎನ್ನುತ್ತಿದ್ದಳು. ಆದರೂ ಒಂದನ್ನೂ ಬಿಡುತ್ತಿರಲಿಲ್ಲ. ಮನೆಯಲ್ಲಿ ಆತ ಅಷ್ಟು ಮಾತಾಡಿದ್ದೇ ಇಲ್ಲ.

ಈ ಸಲ ಅವಳ ಆತುರವೇ ಬೇರೆ. ಕೆಳಗಿನ ಮಹಡಿಯ ಅಮೂಲ್ಯ, ಸಿನಿಮಾ ಕಲಿಯುವ ಹುಡುಗಿ, ಅರ್ಧ ಗಂಟೆಯ ಕನ್ನಡ ಚಿತ್ರವೊಂದನ್ನು ಮಾಡಿದ್ದಳು. ತಾಯಿಯ ಪಾತ್ರ ಮಾಡಿದಾಕೆ ಲಖನೌದವಳು, ಕನ್ನಡ ಬಾರದು. “ಆಂಟಿ, ವಾಯ್ಸ್ ನೀವೇ ಕೊಡಿ, ಪ್ಲೀಸ್” ಎಂದು ಅಮೂಲ್ಯ ದುಂಬಾಲು ಬಿದ್ದಾಗ ಜಲಜಾ ಒಪ್ಪಿಕೊಂಡಳು. ಗಂಡನಿಗೆ ಹೇಳಲಿಲ್ಲ. ಕೇಳಿದೊಡನೆ ಗುರುತು ಹಿಡಿದು ‘ಅರೆ, ಇದು ನೀನಲ್ಲವೇನೇ!’ ಎನ್ನಲಿ ಎಂದು ಅವಳ ಆಸೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅಷ್ಟನ್ನಾದರೂ ಬಯಸಬಾರದೆ?

ಚಿತ್ರ ಆನ್‌ಲೈನಿಗೆ ಬಂದ ಸಂಜೆಯೇ ಜಗನ್ನಾಥರು ಅದನ್ನು ನೋಡಿದರು. ಕೊನೆಯ ಹೆಸರುಗಳು ಬರುವ ಮುಂಚೆಯೇ ಟಿವಿ ಆರಿಸಿದರು. ಜಲಜಾ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು.

“ಹೇಗಿತ್ತು ರೀ?”

“ಅಚ್ಛಾ, ಇದು ಆ ಕೆಳಗಡೆ ಹುಡುಗಿ ಮಾಡಿದ್ದಲ್ವಾ? ಬರೀತೀನಿ, ಓದ್ಕೋ.”

ಕುಕ್ಕರ್ ಕೂಗುವಷ್ಟರಲ್ಲಿ ವಿಮರ್ಶೆ ಬಂತು. ಒಂದೂವರೆ ಸ್ಟಾರ್. ‘ತಾಯಿಯ ಧ್ವನಿಯಂತೂ ದೊಡ್ಡ ದೋಷ. ಮಗನನ್ನು ಊಟಕ್ಕೆ ಕರೆಯುವ ದೃಶ್ಯದಲ್ಲಿ, ಈಕೆ ಜನ್ಮದಲ್ಲಿ ಯಾರನ್ನೂ ಊಟಕ್ಕೆ ಕರೆದವಳಲ್ಲ ಎಂಬುದು ಪ್ರೇಕ್ಷಕನಿಗೆ ತಕ್ಷಣ ತಿಳಿಯುತ್ತದೆ.’

ಜಲಜಾ ಎರಡು ಸಲ ಓದಿದಳು. ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ಅಸಹ್ಯ. ಇದೇ ಗಂಟಲಿನಿಂದ ದಿನಾ ‘ಏಳ್ರೀ, ಆರಿಹೋಗತ್ತೆ’ ಎಂದು ಕೂಗಿದ್ದು ಯಾವ ಕಿವಿಗೆ ಬಿತ್ತು? ಈ ಮಹಾಶಯ ಹೆಂಡತಿಯ ಮಾತನ್ನೂ ಕಡಲೆಕಾಯಿ ಮೆಲ್ಲುತ್ತಲೇ ಕೇಳಿಸಿಕೊಂಡದ್ದು.

ಅವಳು ತಟ್ಟೆ ಹಾಕಿಕೊಂಡಳು. ಬಿಸಿ ಅನ್ನಕ್ಕೆ ಹುಳಿ, ತುಪ್ಪ, ಮೇಲೆ ಎರಡು ಹಪ್ಪಳ. ನಿಧಾನವಾಗಿ ಉಂಡು, ತಟ್ಟೆ ತೊಳೆದಿಟ್ಟು, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಊಟ ಇಷ್ಟು ರುಚಿಯಾಗಿರುತ್ತದೆ ಎಂಬುದು ಅವಳಿಗೇ ಮರೆತುಹೋಗಿತ್ತು.

ಕೊನೆಗೆ ಜಗನ್ನಾಥರು ಎದ್ದು ಬಂದರು.

“ಏನೇ, ಊಟಕ್ಕೆ ಕರೀಲೇ ಇಲ್ಲ?”

“ನಂಗೆಲ್ಲಿ ಕರೆಯೋಕೆ ಬರತ್ತೆ?” ಜಲಜಾ ತಿರುಗಿಯೂ ನೋಡಲಿಲ್ಲ. “ಪ್ರೇಕ್ಷಕನಿಗೆ ತಕ್ಷಣ ಗೊತ್ತಾಯ್ತಂತಲ್ಲ.”

“ಅಂದ್ರೆ... ಆ ವಾಯ್ಸು...”

“ಅನ್ನ ಆರಿರತ್ತೆ. ಬಡಿಸ್ಕೊಳ್ಳಿ.”

ಜಗನ್ನಾಥರು ಅಡುಗೆಮನೆಗೆ ಹೋಗಿ ಅಲ್ಲಿ ಇಲ್ಲಿ ತಡಕಾಡಿದರು. ತಟ್ಟೆಗಳು ಎಲ್ಲಿವೆ ಎಂದು ಅಲ್ಲಿಂದಲೇ ಕೂಗಿದರು. ಜಲಜಾಳಿಗೆ ಆ ಧ್ವನಿಯ ಗುರುತು ಚೆನ್ನಾಗಿಯೇ ಸಿಕ್ಕಿತು. ಅವಳು ಏಳಲಿಲ್ಲ.